ಕುಸುಮಕ್ಕನ ಅಡ್ರೆಸ್ಸಿನಲ್ಲಿದ್ದ ಮಕ್ಕಳು

ಕುಸುಮಕ್ಕ ದಿನಾ ಬೆಳಿಗ್ಗೆ ಎದ್ದು ತಮ್ಮ ಮುಖ ತೊಳೆಯುವ ಮೊದಲು ಮಾಡುತ್ತಿದ್ದ ಕೆಲಸವೆಂದರೆ, ಯಾರೂ ಹಲ್ಲುಜ್ಜದ ಮೂರು ಬ್ರಶ್ಶುಗಳನ್ನು ನಲ್ಲಿಯ ಕೆಳಗೆ ಹಿಡಿದು ಒದ್ದೆ ಮಾಡುವುದು. ಒದ್ದೆ ಮಾಡಿ, ಹೆಬ್ಬೆರಳಲ್ಲಿ ಅದರ ಎಳೆಗಳನ್ನು ಒಮ್ಮೆ ಸವರಿ, ಕೊಡವಿ, ಮತ್ತೆ ಸ್ಟೀಲಿನ ಲೋಟದಲ್ಲಿ ನಿಲ್ಲಿಸುತ್ತಿದ್ದರು. ಆಗಾಗ ಚೂರು ಪೇಸ್ಟನ್ನೂ ತಾಗಿಸುತ್ತಿದ್ದರು. ನಾನು ಬಾಯಿ ತುಂಬ ನೊರೆ ಇಟ್ಟುಕೊಂಡು ಪಕ್ಕದಲ್ಲಿ ನಿಂತು ನೋಡುತ್ತಿದ್ದರೆ, "ಎಂತ ನೋಡುದು? ನಿಂದು ಉಜ್ಜು, ಹೊತ್ತಾಯ್ತು" ಎಂದು ಗದರುತ್ತಿದ್ದರು.

ಬ್ರಶ್ಶು ಮಾತ್ರವಲ್ಲ. ಬಾಗಿಲ ಹತ್ತಿರ ಮೂರು ಜೊತೆ ಪುಟ್ಟ ಚಪ್ಪಲಿ. ಅವು ಬಿಟ್ಟಲ್ಲೇ ಬಿದ್ದಿರಬಾರದು ಅಂತ ಗುಡಿಸುವಾಗಲೆಲ್ಲ ಅವನ್ನು ಅತ್ತಿತ್ತ ಸರಿಸುವುದು. ಬಾಲ್ಕನಿಯ ಹಗ್ಗದಲ್ಲಿ ನನ್ನ ಯೂನಿಫಾರ್ಮಿನ ಪಕ್ಕ ಯಾರೂ ಹಾಕದ ಯೂನಿಫಾರ್ಮು. ಕೊಳೆಯಾಗದ ಬಟ್ಟೆಯನ್ನು ಅವರು ನನ್ನ ಬಟ್ಟೆಯಷ್ಟೇ ಜೋರಾಗಿ ತಿಕ್ಕುತ್ತಿದ್ದರು. ಮಸ್ಕತ್ತಿನ ಬಿಸಿಲಿಗೆ ಆ ಅಂಗಿಗಳು ಹಾಕುವವರಿಲ್ಲದೆಯೇ ಬಣ್ಣ ಕಳೆದುಕೊಂಡವು. ಹೊಸಬರು ಯಾರಾದರೂ ಬಂದು ನೋಡಿದರೆ ಈ ಮನೆ ತುಂಬ ಮಕ್ಕಳು ಅನ್ನಬೇಕು. ಇದ್ದವಳು ನಾನೊಬ್ಬಳೇ.

ಎಂಬತ್ತರ ದಶಕದ ನಡುವಿನ ವರ್ಷಗಳು ಅವು. ನನ್ನ ಅಪ್ಪ ರಸ್ತೆ ಮಾಡುವ ಒಂದು ಕಂಪೆನಿಯಲ್ಲಿ ಸ್ಟೋರ್‌ಕೀಪರ್. ದೂರದ ಇಬ್ರಿ ಪೇಟೆಯಿಂದಲೂ ಆಚೆ, ಮರುಭೂಮಿಯ ಅಂಚಿನಲ್ಲಿ ತಗಡಿನ ಕ್ಯಾಬಿನ್ನಿನಲ್ಲಿ ನಮ್ಮ ಸಂಸಾರ. ಅಲ್ಲಿ ಆಡುಗಳಿದ್ದವು, ಡಾಂಬರಿನ ಡ್ರಮ್ಮುಗಳಿದ್ದವು, ಶಾಲೆ ಇರಲಿಲ್ಲ. ನಮ್ಮ ಇಂಡಿಯಾದವರ ಶಾಲೆ ಇದ್ದದ್ದು ಮಸ್ಕತ್ತಿನಲ್ಲಿ. ಅದಕ್ಕೊಂದು ಕಮಿಟಿ, ಕಮಿಟಿಗೊಂದು ಕಾನೂನು: ಪೇಟೆಯೊಳಗೆ ವಾಸ ಇರುವವರ ಮಕ್ಕಳಿಗೆ ಒಂದು ಫೀಸು, ಹೊರಗಿನಿಂದ ಬರುವವರಿಗೆ ಇನ್ನೊಂದು. ಆ ಇನ್ನೊಂದನ್ನು ಎಲ್ಲರೂ 'ಔಟ್‌ಸೈಡ್ ಫೀಸು' ಎನ್ನುತ್ತಿದ್ದರು. ಅದನ್ನು ಕಟ್ಟಿದವರ ಮನೆ ಬಾಗಿಲಿಗೆ ಶಾಲೆಯದೇ ದೊಡ್ಡ ಬಸ್ಸು ಹೋಗುತ್ತಿತ್ತು. ಆದರೆ ಅದನ್ನು ಕಟ್ಟಿದರೆ ಊರಿಗೆ ಕಳಿಸಲಿಕ್ಕೆ ಏನೂ ಉಳಿಯುತ್ತಿರಲಿಲ್ಲ, ಅಷ್ಟು. ತಪ್ಪಿಸಿಕೊಳ್ಳಲಿಕ್ಕೆ ಒಂದೇ ದಾರಿ, ಪೇಟೆಯಲ್ಲಿ ಗಾರ್ಡಿಯನ್ ಅಂತ ಒಬ್ಬರು ಇರಬೇಕು, ಮಗು ಅವರ ಮನೆಯಲ್ಲಿ ವಾಸ ಇರಬೇಕು. ಇದೆಯೋ ಇಲ್ಲವೋ ನೋಡಲಿಕ್ಕೆ ಕಮಿಟಿಯವರು ಹೇಳದೆ ಕೇಳದೆ ಮನೆಗೇ ಬರುತ್ತಿದ್ದರು. ಅದಕ್ಕೆ 'ಚೆಕ್ಕಿಂಗ್' ಎಂದು ಹೆಸರು. ಪರೀಕ್ಷೆಗಿಂತ ನಮಗೆಲ್ಲ ಚೆಕ್ಕಿಂಗಿನ ಹೆದರಿಕೆಯೇ ಹೆಚ್ಚು.

ಕುಸುಮಕ್ಕ ಅಂಥ ಗಾರ್ಡಿಯನ್. ಉಡುಪಿ ಕಡೆಯವರು, ಮನೆಮಾತು ತುಳು. ಗಂಡ ಭಾಸ್ಕರಣ್ಣ ಮತ್ರಾದ ಒಂದು ವ್ಯಾಪಾರದ ಆಫೀಸಿನಲ್ಲಿ ಗುಮಾಸ್ತರು, ಮಾತು ಕಡಿಮೆ, ರೇಡಿಯೋ ಜಾಸ್ತಿ. ಮಸ್ಕತ್ತಿನ ರೂವಿಯ ಹಿಂಬದಿ ಗಲ್ಲಿಯಲ್ಲಿ, ಕೆಳಗೆ ಟೈಲರ್ ಅಂಗಡಿ ಇದ್ದ ಕಟ್ಟಡದ ಮೇಲೆ ಎರಡು ಕೋಣೆಯ ಫ್ಲಾಟು ಅವರದ್ದು. ಒಂದು ಕೋಣೆಯನ್ನು ಪೂರ್ತಿ ಮಕ್ಕಳಿಗೆಂದು ಬಿಟ್ಟಿದ್ದರು. ಯಾವುದೋ ಲೇಬರ್ ಕ್ಯಾಂಪು ಖಾಲಿಯಾದಾಗ ಭಾಸ್ಕರಣ್ಣ ಎರಡಂತಸ್ತಿನ ಕಬ್ಬಿಣದ ಮಂಚ ಎರಡು ತಂದುಹಾಕಿದ್ದರು. ಒಂದರಲ್ಲಿ ಕೆಳಗೆ ನಾನು. ನನ್ನ ಮೇಲೆ ಬರ್ಕಾದ ಐರಿನ್. ಆಚೆ ಮಂಚದಲ್ಲಿ ರುಸೈಲ್‌ನ ಅಣ್ಣತಮ್ಮ ಇಬ್ಬರು, ಹರೀಶ ಮತ್ತು ಗಿರೀಶ. ಇದು ಶಾಲೆಯ ಲೆಕ್ಕ. ನಿಜವಾಗಿ ಆ ಮೂವರೂ ಪೇಟೆಯ ಹೊರಗೆ, ಅಪ್ಪ ಅಮ್ಮನ ಮನೆಯಲ್ಲೇ ಮಲಗಿ, ಬೆಳಕು ಹರಿಯುವ ಮೊದಲೇ ಬಾಡಿಗೆ ವ್ಯಾನಿನಲ್ಲಿ ಕೂತು ಬರುತ್ತಿದ್ದರು. ವ್ಯಾನು ಶಾಲೆಯ ಗೇಟಿನ ತನಕ ಹೋಗುವ ಹಾಗಿರಲಿಲ್ಲ. ನಮ್ಮ ಗಲ್ಲಿಯ ತುದಿಯಲ್ಲಿ ಇಳಿಸುತ್ತಿತ್ತು. ಅಲ್ಲಿಂದ ನಾವು ನಾಲ್ವರೂ ಒಂದೇ ಮನೆಯಿಂದ ಹೊರಟವರ ಹಾಗೆ ಸಾಲಾಗಿ ನಡೆಯುತ್ತಿದ್ದೆವು. ಐರಿನ್ ಎಲ್ಲರಿಗಿಂತ ಹಿಂದೆ, ಕಣ್ಣು ಅರ್ಧ ಮುಚ್ಚಿಕೊಂಡೇ ನಡೆಯುವವಳು. ನಾಲ್ಕನೇ ಕ್ಲಾಸು. ನಾನು ಏಳನೆಯ ಕ್ಲಾಸಿನ ದೊಡ್ಡ ಹುಡುಗಿ, ಸಣ್ಣವರ ಹತ್ತಿರವೆಲ್ಲ ಮಾತಾಡುವುದುಂಟೇ?

ಯಾಕೆ ಇಷ್ಟೆಲ್ಲ ಮಾಡುತ್ತಿದ್ದರು ಕುಸುಮಕ್ಕ? ಅವರಿಗೆ ಇದರಿಂದ ಬರುತ್ತಿದ್ದದ್ದೇನೂ ಇಲ್ಲ. ನನ್ನ ಅಮ್ಮ ಊರಿನಿಂದ ತಂದ ಹಪ್ಪಳ ಕೊಟ್ಟರೆ ತೆಗೆದುಕೊಳ್ಳುತ್ತಿದ್ದರು, ಬೇರೆ ಏನು ಕೊಟ್ಟರೂ ಮುಖ ಉಬ್ಬಿಸುತ್ತಿದ್ದರು. ಒಮ್ಮೆ ಬಂಗುಡೆ ಕೊಯ್ಯುತ್ತಾ ಕೂತವರು ನನಗೆ ತಾವಾಗಿಯೇ ಹೇಳಿದ್ದರು. ಅವರ ಹಳ್ಳಿಯಲ್ಲಿ ಶಾಲೆ ನಾಲ್ಕರ ತನಕ. ಮುಂದಕ್ಕೆ ಓದಲು ಸೋದರಮಾವನ ಮನೆಯಲ್ಲಿ ಇಟ್ಟರು. ಏಳನೇ ಕ್ಲಾಸಿನ ಹೊತ್ತಿಗೆ ಅತ್ತೆಗೆ ಇನ್ನೊಂದು ಮಗುವಾಯಿತು, ಮಲಗಲಿಕ್ಕೆ ಜಾಗ ಇಲ್ಲ, ಕುಸುಮನನ್ನು ಕರಕೊಂಡು ಹೋಗಿ ಅಂತ ಹೇಳಿ ಕಳಿಸಿದರು. "ಒಂದು ಚಾಪೆ ಹಾಸುವಷ್ಟು ಜಾಗಕ್ಕೆ ನನ್ನ ವಿದ್ಯೆ ನಿಂತದ್ದು, ಗೊತ್ತುಂಟಾ?" ಎಂದರು. ಹೇಳಿ, ಮೀನಿನ ತಲೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಕೊಚ್ಚಿದರು. ಅವರಿಗೂ ಭಾಸ್ಕರಣ್ಣನಿಗೂ ಮಕ್ಕಳಿರಲಿಲ್ಲ. ಆ ವಿಷಯ ಅವರು ಎತ್ತುತ್ತಿರಲಿಲ್ಲ, ನಾವೂ ಎತ್ತುತ್ತಿರಲಿಲ್ಲ.

ಚೆಕ್ಕಿಂಗಿಗೆ ಬರುತ್ತಿದ್ದವರು ಪಿಳ್ಳೈ ಸರ್ ಎಂಬ ಕಮಿಟಿ ಮೆಂಬರು. ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಉಸಿರಾಡುವುದಕ್ಕೂ ಯಾರದ್ದೋ ಸಹಿ ಬೇಕೇನೋ ಎನ್ನುವಂಥ ಮನುಷ್ಯ. ಬಂದವರೇ ಮಂಚ ನೋಡುವುದು, ಕಪಾಟು ನೋಡುವುದು, ಸ್ನಾನದ ಕೋಣೆಗೆ ಹೋಗಿ ಬ್ರಶ್ಶು ಮುಟ್ಟಿ ನೋಡುವುದು! ಕುಸುಮಕ್ಕನಿಗೆ ಅವರ ಈ ಬುದ್ಧಿ ಮೊದಲೇ ಗೊತ್ತಿತ್ತು, ಅದಕ್ಕೇ ಈ ಒದ್ದೆಯ ಕಾರ್ಯಕ್ರಮ. ತಲೆದಿಂಬು ಒಂದೇ ಸಮ ಉಬ್ಬಿಕೊಂಡಿದ್ದರೆ ಸಂಶಯ ಬಂದೀತೆಂದು ಖಾಲಿ ಹಾಸಿಗೆಗಳಲ್ಲಿ ತಾವೇ ಸ್ವಲ್ಪ ಹೊತ್ತು ಮಲಗಿ ಏಳುತ್ತಿದ್ದರು. ಆ ದಪ್ಪ ಮೈ ಹೊತ್ತು, ಸೀರೆ ಸೊಂಟಕ್ಕೆ ಸಿಕ್ಕಿಸಿ, ಏದುಸಿರು ಬಿಡುತ್ತಾ ಏಣಿ ಹತ್ತಿ ಐರಿನ್‌ಳ ಮೇಲಿನ ಮಂಚದಲ್ಲಿ ಅವರು ಮಲಗುವುದನ್ನು ನೋಡಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. "ನಗು ನಗು, ಮಂಚ ಮುರಿದ್ರೆ ಕೆಳಗೆ ಅಪ್ಪಚ್ಚಿ ಆಗುದು ನೀನೇ" ಎನ್ನುತ್ತಿದ್ದರು ಮೇಲಿನಿಂದ. ಐರಿನ್ ಕೊಂಕಣಿಯವಳು, ಇಗರ್ಜಿಗೆ ಹೋಗುವವರ ಮಗಳು. ಅದಕ್ಕೆಂದು ಅವಳ ದಿಂಬಿನ ಪಕ್ಕದ ಕಂಬಿಗೆ ಒಂದು ಜಪಸರವನ್ನೂ ಕಟ್ಟಿದ್ದರು. ಪಟ್ಟಿಯಲ್ಲಿರುವ ಈ ಹುಡುಗಿಗೂ ನಿಮಗೂ ಏನು ಸಂಬಂಧ ಅಂತ ಪಿಳ್ಳೈ ಸರ್ ಕೇಳಿದಾಗ, ಊರಿನಲ್ಲಿ ನಮ್ಮದು ಅವರದು ಒಂದೇ ಬಾವಿ ನೀರು ಅಂತ ಹರಕು ಹಿಂದಿಯಲ್ಲಿ ಹೇಳಿಬಿಟ್ಟಿದ್ದರು. ಅವರು ಏನು ಅರ್ಥ ಮಾಡಿಕೊಂಡರೋ, ತಲೆಯಾಡಿಸಿ ಹೋದರು.

ಒಂದು ಬುಧವಾರ ಪಿಳ್ಳೈ ಸರ್ ಸಂಜೆ ಬರುತ್ತಾರಂತೆ, ಈ ಸಲ ಮಕ್ಕಳನ್ನೇ ಕಣ್ಣಿಂದ ನೋಡಬೇಕಂತೆ ಅಂತ ಸುದ್ದಿ ಹೇಗೋ ಸಿಕ್ಕಿತು. ಆಗ ಗುರುವಾರ ಶುಕ್ರವಾರ ರಜೆ, ಬುಧವಾರವೇ ವಾರದ ಕೊನೆ. ಶಾಲೆ ಬಿಟ್ಟ ಮೇಲೆ ಮೂವರನ್ನೂ ವ್ಯಾನಿಗೆ ಹತ್ತಿಸದೆ ಮನೆಗೆ ಕರಕೊಂಡು ಬಂದೆವು. ಐರಿನ್ ಆ ಫ್ಲಾಟಿನ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಬಾಗಿಲಲ್ಲಿ ತನ್ನ ಹೆಸರಿನ ಚಪ್ಪಲಿ ನೋಡಿ ಹಾಕಿಕೊಂಡಳು, ಸಣ್ಣದಾಗಿತ್ತು. ತನ್ನ ಬ್ರಶ್ಶು ಯಾವುದು ಅಂತ ಕೇಳಿದಳು. ಗುಲಾಬಿ ಬಣ್ಣದ್ದು ಅಂತ ತೋರಿಸಿದಾಗ ಅವಳಿಗೆ ಆದ ಖುಷಿ ನೋಡಬೇಕಿತ್ತು. ಆಮೇಲೆ ಏಣಿ ಹತ್ತಿ ಮೇಲಿನ ಮಂಚಕ್ಕೆ ಹೋದವಳು ಇಳಿಯಲೇ ಇಲ್ಲ. ಅಲ್ಲಿಂದ ಕೈ ಚಾಚಿದರೆ ಸೀಲಿಂಗು ಸಿಗುತ್ತಿತ್ತು. ಪಿಳ್ಳೈ ಸರ್ ಬಂದಾಗಲೂ ಅವಳು ಅಲ್ಲೇ ಕೂತು ಕಾಲಾಡಿಸುತ್ತಿದ್ದಳು, ಹುಟ್ಟಿದಂದಿನಿಂದ ಅಲ್ಲೇ ಇದ್ದವಳ ಹಾಗೆ. ಅವರಿಗೆ ಸಂಶಯವೇ ಬರಲಿಲ್ಲ.

ಅವರು ಹೋದ ಮೇಲೆ ಕುಸುಮಕ್ಕ ಎಲ್ಲರಿಗೂ ನೀರುದೋಸೆ ಮಾಡಿದರು. ಐರಿನ್‌ಳ ಅಪ್ಪ ತೋಟಗಳ ಪಂಪು ರಿಪೇರಿ ಮಾಡುವವರು, ಅವರೇ ಪಿಕಪ್ಪು ತಂದು ಮೂರೂ ಮಕ್ಕಳನ್ನು ಕರಕೊಂಡು ಹೋಗಲು ಬಂದರು. ಆಗ ಈ ಹುಡುಗಿ ಮಂಚದಿಂದ ಇಳಿಯುವುದಿಲ್ಲ ಅಂತ ಹಠ ಹಿಡಿದಳು. ಇದು ನನ್ನ ಹಾಸಿಗೆ, ನನ್ನ ಬ್ರಶ್ಶು ಉಂಟು, ನಾನು ಇಲ್ಲೇ ಮಲಗುತ್ತೇನೆ ಅಂತ. ಅಪ್ಪ ನಕ್ಕರು, ಕೆಳಗೆ ವಾಹನ ನಿಲ್ಲಿಸಲು ಜಾಗ ಇಲ್ಲ, ಯಲ್ಲಾ ಯಲ್ಲಾ ಅಂತ ಅವಸರ ಮಾಡಿದರು. ಕುಸುಮಕ್ಕ ಅವಳ ಸೊಂಟ ಹಿಡಿದು ಮೇಲಿನಿಂದ ಇಳಿಸಿಕೊಂಡರು.

"ಇವತ್ತು ಬೇಡ ಮಗಾ. ಅಮ್ಮ ಕಾಯ್ತಾರೆ. ಶನಿವಾರ ಬಾ, ಶನಿವಾರ ಇಲ್ಲೇ ಮಲಗು."

"ಪ್ರಾಮಿಸ್?" ಅಂತ ಕೇಳಿದಳು.

"ಆಯ್ತು, ಪ್ರಾಮಿಸ್."

ಶನಿವಾರ ನಾನು ಗಲ್ಲಿಯ ತುದಿಯಲ್ಲಿ ನಿಂತು ಕಾದೆ. ವ್ಯಾನು ಬರಲಿಲ್ಲ. ಟಯರ್ ಪಂಚರ್ ಇರಬೇಕು ಅಂದುಕೊಂಡು ಒಬ್ಬಳೇ ಶಾಲೆಗೆ ಹೋದೆ. ಎರಡನೆಯ ಪೀರಿಯಡ್ಡಿನಲ್ಲೋ ಮೂರನೆಯದರಲ್ಲೋ ಹೆಡ್‌ಮಿಸ್ ನನ್ನನ್ನು ಹೊರಗೆ ಕರೆದರು. ಸಿಕ್ಕಿಬಿದ್ದೆವು, ಖಲಾಸ್ ಅಂದುಕೊಂಡೆ ನಾನು. ಆದರೆ ಅವರು ಬೈಯಲಿಲ್ಲ. ನನ್ನನ್ನು ಹತ್ತಿರ ಎಳೆದುಕೊಂಡು ತಲೆ ಸವರಿದರು. ನಿನ್ನ ಜೊತೆ ಇರುವ ಹುಡುಗಿ, ನಿನ್ನ ತಂಗಿಯ ಹಾಗೆ ಇದ್ದವಳು, ಅಂತ ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ಬರ್ಕಾದಿಂದ ಈಚೆ, ಸಮುದ್ರದ ಮಂಜು ತುಂಬಿದ ರಸ್ತೆಯಲ್ಲಿ ವ್ಯಾನಿಗೆ ಒಂಟೆ ಅಡ್ಡ ಬಂದಿತ್ತು. ವ್ಯಾನು ಇನ್ನೂ ರುಸೈಲ್ ಮುಟ್ಟಿರಲಿಲ್ಲವಾದ್ದರಿಂದ ಅಣ್ಣತಮ್ಮ ರಸ್ತೆ ಬದಿಯಲ್ಲಿ ಕಾಯುತ್ತಾ ಉಳಿದರು. ವ್ಯಾನಿನಲ್ಲಿ ಇದ್ದದ್ದು ಡ್ರೈವರು ಮತ್ತು ಐರಿನ್. ಡ್ರೈವರು ಬದುಕಿದ.

ನನಗೆ ಅಳು ಬರಲಿಲ್ಲ, ಹೆದರಿಕೆ ಬಂತು. ಟೀಚರುಗಳೆಲ್ಲ ಸುತ್ತ ನಿಂತು ನನ್ನನ್ನು ಸಮಾಧಾನ ಮಾಡುತ್ತಿದ್ದರು, ಆದರೆ ನಾನು ಆ ಹುಡುಗಿಯ ಹತ್ತಿರ ಸರಿಯಾಗಿ ಮಾತಾಡಿದ್ದು ಒಂದೇ ಒಂದು ಸಂಜೆ. ಪಿಳ್ಳೈ ಸರ್ ತಮ್ಮ ಕಾರಿನಲ್ಲಿ ನನ್ನನ್ನು ಮನೆಗೆ ಬಿಡಲು ಬಂದರು. ನಾವು ಮೆಟ್ಟಿಲು ಹತ್ತುವಾಗ ಬಾಗಿಲಲ್ಲಿ ಆಗಲೇ ಪೊಲೀಸರಿದ್ದರು. ಅವಳ ಚೀಲದೊಳಗಿನ ಶಾಲಾ ಡೈರಿಯಲ್ಲಿ ಬರೆದಿದ್ದ ಮನೆ ಇದೇ ತಾನೆ? ಅವರು ನೇರ ಇಲ್ಲಿಗೆ ಬಂದಿದ್ದರು. ಬರ್ಕಾದಲ್ಲಿ ಹೆತ್ತ ತಾಯಿ ಆಗ ಮಧ್ಯಾಹ್ನದ ಅಡುಗೆಗೆ ಅಕ್ಕಿ ಆರಿಸುತ್ತಿದ್ದಳಂತೆ. ಆಕೆಗಿಂತ ಮೊದಲು ಗೊತ್ತಾದದ್ದು ಕುಸುಮಕ್ಕನಿಗೆ.

ಪೊಲೀಸರಲ್ಲಿ ಒಬ್ಬರಿಗೆ ಹಿಂದಿ ಬರುತ್ತಿತ್ತು. ಈ ಮಗು ಇಲ್ಲಿ ಇರುವುದಾ ಎಂದು ಕೇಳಿದರು. ಕುಸುಮಕ್ಕ ಗೋಡೆ ಹಿಡಿದುಕೊಂಡು ನಿಂತಿದ್ದರು. ನನ್ನನ್ನು ನೋಡಿದರು, ಪಿಳ್ಳೈ ಸರನ್ನು ನೋಡಿದರು. ಇಲ್ಲ ಅಂದರೆ ನಾನೂ ಹರೀಶನೂ ಗಿರೀಶನೂ ಆವತ್ತೇ ಶಾಲೆಯಿಂದ ಹೊರಗೆ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಹೌದು, ಇಲ್ಲೇ ಇರುದು," ಎಂದರು, ಮೊದಲು ಕನ್ನಡದಲ್ಲಿ, ಆಮೇಲೆ ಹಿಂದಿಯಲ್ಲಿ.

ಹಾಗಾದರೆ ಅಷ್ಟು ಬೆಳಿಗ್ಗೆ ಬರ್ಕಾ ರಸ್ತೆಯಲ್ಲಿ ಯಾಕಿದ್ದಳು?

"ನಿನ್ನೆ ಶುಕ್ರವಾರ ಅಲ್ವಾ. ಅಪ್ಪ ಅಮ್ಮನ ಹತ್ತಿರ ಹೋಗಿದ್ಲು. ಇವತ್ತು ಬರುದಿತ್ತು."

ಪೊಲೀಸರು ಅವಳ ಚೀಲವನ್ನು ಮೇಜಿನ ಮೇಲಿಟ್ಟರು. ಒಂದೊಂದೇ ತೆಗೆದು ತೋರಿಸಿ, ಇದು ಆ ಮಗುವಿನದ್ದೇ ಹೌದಾ ಅಂತ ಕೇಳಬೇಕಿತ್ತು ಅವರಿಗೆ. ಪುಸ್ತಕ, ಕಂಪಾಸು, ಟಿಫಿನ್ನು. ಎಲ್ಲದರ ಕೆಳಗೆ ನಾಲ್ಕು ಮಡಿಕೆ ಮಾಡಿದ ಒಂದು ಹತ್ತಿಯ ನೈಟಿ, ಸಣ್ಣ ಸಣ್ಣ ಹಳದಿ ಹೂವಿನದ್ದು. ಪಿಳ್ಳೈ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ರಾತ್ರಿ ಬಟ್ಟೆ ಇದೆ, ಪಾಪ, ಇಲ್ಲಿಗೇ ಬರುತ್ತಿದ್ದಳು ಎಂದು ಪೊಲೀಸರಿಗೆ ತಾವೇ ಇಂಗ್ಲಿಷಿನಲ್ಲಿ ಹೇಳಿದರು. ಕಮಿಟಿಯ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ನಮ್ಮ ಸುಳ್ಳನ್ನು ಕಾಪಾಡಿದ್ದು ಆ ನೈಟಿ. ಅದು ಸುಳ್ಳೂ ಆಗಿರಲಿಲ್ಲ. ಆವತ್ತು ಅವಳು ನಿಜವಾಗಿಯೂ ಇಲ್ಲಿ ಮಲಗಲು ಹೊರಟಿದ್ದಳು.

ಅವರೆಲ್ಲ ಹೋದ ಮೇಲೆ ಕುಸುಮಕ್ಕ ಅಡುಗೆಮನೆಯ ನೆಲದಲ್ಲಿ ಕೂತರು. ನಾನು ಪಕ್ಕದಲ್ಲಿ ಕೂತೆ. "ಶನಿವಾರ ಬಾ ಅಂತ ಹೇಳಿದ್ದು ನಾನೇ ಅಲ್ವಾ ಶಾಲೂ," ಎಂದರು. ಅದೇ ಮಾತನ್ನು ತುಳುವಿನಲ್ಲಿ ಹೇಳಿದರು, ಮತ್ತೆ ಕನ್ನಡದಲ್ಲಿ ಹೇಳಿದರು. ನಿಜವಾಗಿ ಇಟ್ಟುಕೊಂಡಿದ್ದರೆ ಅವಳ ಅಪ್ಪ ಶುಕ್ರವಾರ ಸಂಜೆಯೇ ತಂದು ಬಿಡುತ್ತಿದ್ದರು. ಹೊರಗಿನವರ ಫೀಸು ಕಟ್ಟಿದ್ದರೆ ದೊಡ್ಡ ಬಸ್ಸು ಮನೆ ಬಾಗಿಲಿಗೆ ಬರುತ್ತಿತ್ತು. ಎರಡನ್ನೂ ತಪ್ಪಿಸಿದ್ದು ತನ್ನ ಈ ಉಪಕಾರ ಎಂದು ಅವರು ಅಂದೇ ತೀರ್ಮಾನಿಸಿಬಿಟ್ಟರು. ಭಾಸ್ಕರಣ್ಣ ಎಷ್ಟು ಹೇಳಿದರೂ ಆ ತೀರ್ಮಾನ ಬದಲಾಗಲಿಲ್ಲ.

ಐರಿನ್‌ಳನ್ನು ಊರಿಗೆ ಕೊಂಡುಹೋಗುವ ಮುಂಚೆ ಅವಳ ಅಮ್ಮ ಲೀನಾಬಾಯಿ ನಮ್ಮಲ್ಲಿಗೆ ಬಂದರು. ಬೈಯಲು ಬಂದರು ಅಂತ ನಾನು ಬಾಗಿಲ ಮರೆಗೆ ಸರಿದೆ. ಅವರು ಬೈಯಲಿಲ್ಲ. ಅವಳ ಹಾಸಿಗೆ ಯಾವುದು ಅಂತ ಕೇಳಿದರು. ಗಿಡ್ಡ ಹೆಂಗಸು, ಮೇಲಿನ ಮಂಚ ಅವರ ಮುಖದ ಮಟ್ಟಕ್ಕೆ ಬರುತ್ತಿತ್ತು. ನಿಂತಲ್ಲಿಂದಲೇ ಕೆನ್ನೆಯನ್ನು ಆ ದಿಂಬಿಗೆ ಆನಿಸಿದರು. ಮಗಳು ಅಲ್ಲಿ ಮಲಗಿದವಳಲ್ಲ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಬಹಳ ಹೊತ್ತು ಹಾಗೇ ನಿಂತರು. ಹೋಗುವಾಗ ನೈಟಿಯನ್ನು ಕುಸುಮಕ್ಕನ ಕೈಯಲ್ಲೇ ಬಿಟ್ಟರು. ರಜೆಯ ಎರಡು ದಿನವೂ ಆ ಹುಡುಗಿ ಅದನ್ನು ಚೀಲಕ್ಕೆ ಹಾಕುವುದು ತೆಗೆಯುವುದು ಮಾಡುತ್ತಿದ್ದಳಂತೆ.

"ಇಲ್ಲಿಗೆ ಅಂತ ಹೊರಟದ್ದು ಕುಸುಮಕ್ಕ. ಇಲ್ಲೇ ಇರಲಿ."

ಆ ಮೇಲೆ ಅವರು ಗಂಡಹೆಂಡತಿ ಇಬ್ಬರೂ ತಿರುಗಿ ಒಮಾನಿಗೆ ಬರಲಿಲ್ಲ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಊರಿನವರು ಮಾತಾಡಿಸಲು ಬರಲು ಶುರುಮಾಡಿದರು. ಶುಕ್ರವಾರ ಬಂದರೆ ಸಾಕು, ತುಳುವಿನವರು, ಕೊಂಕಣಿಯವರು, ಬ್ಯಾರಿಗಳು, ಯಾರ್ಯಾರೋ. ಎಲ್ಲರ ಕಣ್ಣಿಗೂ ಐರಿನ್ ಕುಸುಮಕ್ಕನ ಕೈಯಲ್ಲಿ ಬೆಳೆದ ಮಗು. ಹೇಗಿದ್ದಳು, ಏನು ತಿನ್ನುತ್ತಿದ್ದಳು ಅಂತ ಕೇಳುತ್ತಿದ್ದರು. ಏನೂ ಗೊತ್ತಿಲ್ಲ ಅನ್ನುವ ಹಾಗಿಲ್ಲ. ಕುಸುಮಕ್ಕ ಮೊದಮೊದಲು ತಡವರಿಸಿ ಹೇಳುತ್ತಿದ್ದವರು ಬರಬರುತ್ತಾ ನಿರರ್ಗಳವಾಗಿ ಹೇಳತೊಡಗಿದರು. ಹಾಗಲಕಾಯಿ ಕಂಡರೆ ತಟ್ಟೆ ದೂಡುತ್ತಿದ್ದಳು. ನಿದ್ರೆಯಲ್ಲಿ ಗೋಡೆಗೆ ಕಾಲು ಒದೆಯುತ್ತಿದ್ದಳು. ಜಡೆ ಬಿಗಿಯಾಗಿ ಹೆಣೆದರೆ ಕಣ್ಣಲ್ಲಿ ನೀರು ತರುತ್ತಿದ್ದಳು. ನಾನು ಬಂದವರಿಗೆ ಚಾ ಕೊಡುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಹಾಗಲಕಾಯಿ ಆಗದಿದ್ದದ್ದು ನನಗೆ. ಗೋಡೆಗೆ ಒದೆಯುತ್ತಿದ್ದವಳು ನಾನು. ಜಡೆಯೂ ನನ್ನದೇ. ನಾನು ಬದುಕಿ ಎದುರಿಗೆ ನಿಂತಿರುವಾಗಲೇ ನನ್ನನ್ನು ಒಂದೊಂದೇ ತುಂಡಾಗಿ ತೆಗೆದು ಸತ್ತವಳಿಗೆ ಕೊಡುತ್ತಿದ್ದಾರೆ ಅನಿಸಿ ಸಿಟ್ಟು ನೆತ್ತಿಗೇರುತ್ತಿತ್ತು. ಅದನ್ನು ಹೇಳುವುದಾದರೂ ಯಾರಿಗೆ?

ರುಸೈಲ್‌ನ ಅಣ್ಣತಮ್ಮನ ಅಪ್ಪ ಸಾಲಸೋಲ ಮಾಡಿ ಹೊರಗಿನವರ ಫೀಸು ಕಟ್ಟಿದರು, ಆ ಮಕ್ಕಳಿಗೆ ದೊಡ್ಡ ಬಸ್ಸು ಬಂತು. ಅವರ ಬ್ರಶ್ಶುಗಳನ್ನು ಕುಸುಮಕ್ಕ ಬಿಸಾಡಿದರು. ಆಚೆ ಮಂಚವನ್ನು ಕೆಳಗಿನ ಟೈಲರಿಗೆ ಕೊಟ್ಟರು. ಹೊಸದಾಗಿ ಯಾರು ಬಂದು ಅಡ್ರೆಸ್ಸು ಕೇಳಿದರೂ ಆಗುದಿಲ್ಲ ಅಂತ ಬಾಗಿಲಲ್ಲೇ ಹೇಳಿ ಕಳಿಸುತ್ತಿದ್ದರು. ಐರಿನ್‌ಳದ್ದು ಮಾತ್ರ ಹಾಗೇ ಇತ್ತು. ಇನ್ನು ಚೆಕ್ಕಿಂಗಿಗೆ ಯಾರೂ ಬರುವವರಿರಲಿಲ್ಲ. ಆದರೂ ದಿನಾ ಬೆಳಿಗ್ಗೆ ಗುಲಾಬಿ ಬ್ರಶ್ಶು ಒದ್ದೆಯಾಗುತ್ತಿತ್ತು.

ನಾನು ಆ ಮಂಚದ ಕೆಳಗೆ ಮಲಗಬೇಕಿತ್ತಲ್ಲ! ಗಲ್ಫಿನ ಮಧ್ಯಾಹ್ನ ನಿಮಗೆ ಗೊತ್ತಿರಬಹುದು. ಊಟದ ಹೊತ್ತಿಗೆ ಅಂಗಡಿಗಳೆಲ್ಲ ಬಾಗಿಲೆಳೆದು, ಬೀದಿಯಲ್ಲಿ ಒಂದು ಬೆಕ್ಕೂ ಇಲ್ಲದೆ, ಏಸಿಯ ಸದ್ದು ಬಿಟ್ಟರೆ ಜಗತ್ತೇ ಇಲ್ಲ ಅನಿಸುವ ಹೊತ್ತು. ಆ ಹೊತ್ತಿನಲ್ಲಿ ಅಂಗಾತ ಮಲಗಿದರೆ ಕಣ್ಣೆದುರಿಗೆ ಮೇಲಿನ ಮಂಚದ ಸ್ಪ್ರಿಂಗುಗಳು. ಅವು ಒಂದು ಕಡೆ ಚೂರು ತಗ್ಗಿದಂತೆ ಕಾಣುತ್ತಿದ್ದವು. ಕುಸುಮಕ್ಕ ನಾನು ಶಾಲೆಗೆ ಹೋದಾಗ ಅಲ್ಲಿ ಮಲಗಿರುತ್ತಾರೆ, ಅವರ ಭಾರಕ್ಕೆ ತಗ್ಗಿದ್ದು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದರೂ ನಾನು ಕಾಲು ಮಡಚಿಕೊಂಡೇ ಮಲಗುತ್ತಿದ್ದೆ. ಗೋಡೆಗೆ ಒದೆಯುವುದನ್ನು ಬಿಟ್ಟದ್ದು ಆಗಲೇ.

ಒಮ್ಮೆ ಕುಸುಮಕ್ಕ ಏನೋ ಆಪರೇಶನ್ ಆಗಿ ಆಸ್ಪತ್ರೆಯಲ್ಲಿದ್ದರು. ನಾನೂ ಭಾಸ್ಕರಣ್ಣನೂ ಇಬ್ಬರೇ ಮನೆಯಲ್ಲಿ, ಅಂಗಡಿಯ ಖುಬೂಸು ರೊಟ್ಟಿ ಮತ್ತು ಮೊಟ್ಟೆಯಲ್ಲಿ ದಿನ ದೂಡುತ್ತಿದ್ದೆವು. ಬೆಳಿಗ್ಗೆ ಹಲ್ಲುಜ್ಜಲು ಹೋಗಿ ಲೋಟಕ್ಕೆ ಕೈ ಹಾಕಿದೆ. ಗುಲಾಬಿ ಬ್ರಶ್ಶು ಒದ್ದೆ! ನಾನು ಕಿಟಾರನೆ ಕಿರುಚಿಕೊಂಡು ಹೊರಗೆ ಓಡಿದೆ. ಭಾಸ್ಕರಣ್ಣ ಅಂಗಿಯ ಗುಂಡಿ ಹಾಕುತ್ತಾ ಬಾಗಿಲಲ್ಲಿ ನಿಂತಿದ್ದರು. ಅವರ ಕೈ ಇನ್ನೂ ಒದ್ದೆಯಿತ್ತು. ಬಹಳ ನಾಚಿಕೆಯಾದವರಂತೆ ನೆಲ ನೋಡಿದರು.

"ಅವಳು ಆಸ್ಪತ್ರೆಯಿಂದ ಬಂದ ಕೂಡಲೇ ಕೇಳ್ತಾಳೆ ಮಾರಾಯ್ತಿ. ಸುಳ್ಳು ಹೇಳ್ಲಿಕ್ಕೆ ನನಗೆ ಬರುದಿಲ್ಲ," ಎಂದರು.

ಹತ್ತನೇ ಕ್ಲಾಸು ಮುಗಿಯುವ ತನಕ ನಾನು ಆ ಮನೆಯಲ್ಲೇ ಇದ್ದೆ. ಕುಸುಮಕ್ಕ ನನಗೆ ಕಡಿಮೆ ಮಾಡಿದ್ದೇನಿಲ್ಲ. ಜ್ವರ ಬಂದರೆ ಗಂಜಿ ಕುಡಿಸಿದರು, ಪರೀಕ್ಷೆಯ ದಿನ ಬಾಗಿಲ ತನಕ ಬಂದು ಹಣೆ ಮುಟ್ಟಿ ಕಳಿಸಿದರು. ಗಣಿತದಲ್ಲಿ ಒಳ್ಳೆಯ ಮಾರ್ಕು ಬಂದ ದಿನ ಇಡೀ ಕಟ್ಟಡಕ್ಕೆ ಲಾಡು ಹಂಚಿದರು. ಆದರೆ ನನ್ನನ್ನು ನೋಡುವಾಗ ಅವರು ನನ್ನ ಹಿಂದೆ ಇನ್ನೂ ಯಾರೋ ಬರುವವರಿದ್ದಾರೆ ಎಂಬಂತೆ ನೋಡುತ್ತಿದ್ದರು. ನಾನು ಒಳಗೆ ಬಂದ ಮೇಲೂ ಬಾಗಿಲನ್ನು ತಕ್ಷಣ ಮುಚ್ಚುತ್ತಿರಲಿಲ್ಲ. ಅದು ನನಗೆ ನೋವು ಕೊಡುತ್ತಿತ್ತು. ಈಗ ಹೇಳಲಿಕ್ಕೆ ಸಂಕೋಚವಿಲ್ಲ, ಆ ಹುಡುಗಿಯ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು.

ಊರಿಗೆ ಹೋಗಿ ಕಾಲೇಜು ಮುಗಿಸಿ, ಮದುವೆಯಾಗಿ, ಗಂಡನ ಕೆಲಸದ ದೆಸೆಯಿಂದ ನಾನು ತಿರುಗಿ ಮಸ್ಕತ್ತಿಗೇ ಬಂದದ್ದು ತೊಂಬತ್ತರ ದಶಕದಲ್ಲಿ. ಅಷ್ಟರಲ್ಲಿ ಬರ್ಕಾದ ಕಡೆಗೂ ನಮ್ಮವರ ಶಾಲೆ ಆಗಿತ್ತು. ಹೊರಗಿನವರು ಒಳಗಿನವರು ಎಂಬ ಮಾತೇ ನಿಂತುಹೋಗಿತ್ತು. ಹೊಸಬರಿಗೆ ಔಟ್‌ಸೈಡ್ ಫೀಸು ಅಂದರೆ ಏನೆಂದೇ ಗೊತ್ತಿರಲಿಲ್ಲ. ಭಾಸ್ಕರಣ್ಣನ ಕೆಲಸ ಮುಗಿದು, ಕೆಲಸಕ್ಕೆ ಕರೆಸಿಕೊಂಡಿದ್ದ ಕಫೀಲ್ ವೀಸಾ ರದ್ದು ಮಾಡಿ, ಅವರಿಬ್ಬರೂ ಊರಿಗೆ ಹೊರಡುವ ದಿನ ಬಂತು. ವಿಮಾನ ನಿಲ್ದಾಣಕ್ಕೆ ಬಿಡಲು ನಾನೇ ಹೋದೆ.

ಫ್ಲಾಟು ಖಾಲಿಯಾಗಿತ್ತು. ನನ್ನ ಮಂಚ ಇನ್ನೂ ಇತ್ತು, ಅದರ ಮೇಲಿನದ್ದೂ. ಬೆಳಿಗ್ಗೆಯಷ್ಟೇ ಚಾದರ ಬದಲಿಸಿದ್ದರು. ಕುಸುಮಕ್ಕ ಬಹಳ ತೆಳ್ಳಗಾಗಿದ್ದರು. ಈಗ ಏಣಿ ಹತ್ತಲು ಆಗುವುದಿಲ್ಲ ಅಂತ ಹೇಳಿದರು. ಭಾಸ್ಕರಣ್ಣ ಕೆಳಗೆ ಸೂಟ್‌ಕೇಸು ಇಳಿಸುತ್ತಿದ್ದಾಗ ನನ್ನ ಕೈ ಹಿಡಿದು ಸ್ನಾನದ ಕೋಣೆಗೆ ಕರಕೊಂಡು ಹೋದರು. ಸ್ಟೀಲಿನ ಲೋಟದಲ್ಲಿ ಎಳೆಗಳೆಲ್ಲ ಬಾಗಿಹೋದ ಒಂದೇ ಬ್ರಶ್ಶು. ಗುಲಾಬಿ ಬಣ್ಣ ಬೆಳ್ಳಗಾಗಿತ್ತು.

"ಊರಿಗೆ ಕೊಂಡುಹೋಗುವಾ ಅಂತ ಇದ್ದೆ. ಆದ್ರೆ ಅವಳಿಗೆ ನಾನು ಹೇಳಿದ್ದು ಇಲ್ಲಿಗೆ ಬಾ ಅಂತ ಅಲ್ವಾ. ಶಾಲೂ, ನೀನು ಇನ್ನು ಇಲ್ಲೇ ಇರುದಾ?"

ಇರುವುದು ಎಂದೆ.

"ಹಾಗಾದ್ರೆ ನಿನ್ನ ಅಡ್ರೆಸ್ಸು ಕೊಡು ಅವಳಿಗೆ. ಅಷ್ಟೇ. ಮತ್ತೆಂತ ಬೇಡ."

ನಾನು ದೆವ್ವ ಭೂತ ನಂಬುವವಳಲ್ಲ. ಇಂಥ ಮಾತು ಬೇರೆ ಯಾರಾದರೂ ಆಡಿದ್ದರೆ, ತಲೆ ಸರಿ ಉಂಟಾ ಅಂತ ಮುಖದ ಮೇಲೆಯೇ ಕೇಳುವವಳು. ಆದರೆ ಅವರ ಕೈ ನನ್ನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ನನಗೆ ಓದಲು ಜಾಗ ಕೊಟ್ಟ ಕೈ ಅದು. ಬ್ರಶ್ಶನ್ನೂ, ಹಳದಿ ಹೂವಿನ ನೈಟಿಯನ್ನೂ ತೆಗೆದುಕೊಂಡು ನನ್ನ ಬ್ಯಾಗಿನಲ್ಲಿ ಇಟ್ಟೆ. ಕುಸುಮಕ್ಕ ಆಗ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಸರಿಯಾಗಿ ನೋಡಿದರು. ನನ್ನ ಹಿಂದೆ ಯಾರನ್ನೂ ಹುಡುಕದೆ ನನ್ನನ್ನೇ ಅವರು ನೋಡಿದ್ದು ಎಷ್ಟೋ ವರ್ಷಗಳ ಮೇಲೆ. ನಿನಗೆ ಈಗಲೂ ಹಾಗಲಕಾಯಿ ಆಗುದಿಲ್ವಾ ಅಂತ ಕೇಳಿದರು. ನನಗೆ ಅಲ್ಲೇ ಜೋರು ಅಳು ಬಂತು.

ಸೀಬಿನ ವಿಮಾನ ನಿಲ್ದಾಣದಲ್ಲಿ ಗಾಜಿನ ಆಚೆ ಅವರು ಕೈ ಬೀಸಿದ್ದೇ ಕೊನೆ. ಮರುವರ್ಷ ಭಾಸ್ಕರಣ್ಣ ಫೋನು ಮಾಡಿ, ಅವಳು ಹೋದಳು ಅಂತ ಅಷ್ಟೇ ಹೇಳಿದರು. ಮಾತು ಅವರದ್ದು ಆಗಲೂ ಕಡಿಮೆಯೇ. ಫೋನು ಇಟ್ಟ ಮೇಲೆ ನಾನು ಹೋಗಿ, ಅಷ್ಟು ದಿನ ಕಪಾಟಿನ ಒಳಗೆ ಇಟ್ಟಿದ್ದ ಬ್ರಶ್ಶನ್ನು ತೆಗೆದು ನಮ್ಮ ಬ್ರಶ್ಶುಗಳ ಜೊತೆ ಲೋಟದಲ್ಲಿ ನಿಲ್ಲಿಸಿದೆ.

ಮೊನ್ನೆ ರಜೆಯ ದಿನ ಬೆಳಿಗ್ಗೆ ಅದನ್ನು ನಲ್ಲಿಯ ಕೆಳಗೆ ಹಿಡಿದು, ಹೆಬ್ಬೆರಳಲ್ಲಿ ಸವರಿ, ಕೊಡವುತ್ತಿದ್ದೆ. ಈಗಷ್ಟೇ ಸರಿಯಾಗಿ ಮಾತು ಕಲಿತಿರುವ ನನ್ನ ಮಗಳು ಬಾಯಿ ತುಂಬ ನೊರೆ ಇಟ್ಟುಕೊಂಡು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಇದು ಯಾರದ್ದು ಅಂತ ಕೇಳಿದಳು.

"ಐರಿನ್ ಅಂತ. ನಮ್ಮಲ್ಲೇ ಇರುದು."

"ಎಲ್ಲಿದ್ದಾಳೆ?"

ನನ್ನ ನಾಲಿಗೆ ಒಂದು ಚೂರೂ ತಡವರಿಸಲಿಲ್ಲ.

"ಶುಕ್ರವಾರ ಅಲ್ವಾ ಮಗಾ. ಅಪ್ಪ ಅಮ್ಮನ ಹತ್ತಿರ ಹೋಗಿದ್ದಾಳೆ. ನಾಳೆ ಬರ್ತಾಳೆ."